ಕುಂದ್ರಿ ಅಂದ ಪುಟ

ಜತ್ತ,
೧೪ ಜೂನ್ ೨೦೦೮

ಪ್ರೀತಿಯ ಅಪ್ಪಾ,

ನಿಮ್ಮ ಮೊಣಕಾಲು ಹೇಗಿದೆ? ಮಳೆಗಾಲ ಹತ್ತಿರ ಬಂದರೆ ಅದು ನಿಮಗಿಂತ ಮೊದಲು ಎಚ್ಚರಾಗುತ್ತಿತ್ತು. ಮಿರಜದ ಆ ಇನ್ನೊಂದು ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕುವವರು ಇದ್ದಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಹಾಗೆ ಅಂದುಕೊಂಡಾಗಲೇ ಸಿಟ್ಟೂ ಬರುತ್ತದೆ. ನೀವು ಆ ಮನೆ ಹೂಡಿ ಒಂಬತ್ತು ವರ್ಷವಾಯಿತು. ಅವ್ವ ಮೊನ್ನೆಮೊನ್ನೆಯವರೆಗೂ ನಿಮ್ಮನ್ನು ಕೇಳಿಕೊಂಡು ಬಂದವರಿಗೆ "ಹೊರಗ ಹೋಗ್ಯಾರ್ರಿ, ಬರ್ತಾರ, ಕುಂದ್ರಿ" ಎನ್ನುತ್ತಿದ್ದಳು. ಇಲ್ಲ ಎನ್ನುವ ಮಾತು ಅವಳ ಬಾಯಿಂದ ಬರುವುದಿಲ್ಲವೆಂದು ನಿಮಗೆ ಗೊತ್ತಲ್ಲ. ಡಬ್ಬಿಯ ತಳ ಕಂಡರೂ ಹಿಟ್ಟು ಹೆಚ್ಚಾಗಿದೆ ಎನ್ನಬೇಕು, ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನಬೇಕು. ಸಣ್ಣವಳಿದ್ದಾಗ ನೆರೆಯವರ ಮುಂದೆ "ಹಿಟ್ಟಿಲ್ಲ" ಎಂದು ತಿಂದ ಏಟು ನನಗಿನ್ನೂ ನೆನಪಿದೆ.

ನಾನು ಈಗ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಕೇಂದ್ರದಲ್ಲಿ ವೆಬ್‌ಸೈಟು ಮಾಡುವ ಕೆಲಸದಲ್ಲಿದ್ದೇನೆ. ಹೆಣ್ಣುಮಕ್ಕಳ ವಸತಿಗೃಹವೊಂದಕ್ಕೆ ಸೈಟು ಮಾಡಿಕೊಟ್ಟೆ; ಸೀಟು ಸಿಕ್ಕವರ ಯಾದಿ ಅದರಲ್ಲೇ ಬರುತ್ತದೆ. ಸೈಟು ಕಟ್ಟಲು ನಾವು ಬಳಸುವ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನಲ್ಲಿ, ಕೇಳಿದ ಪುಟ ಸಿಗದಿದ್ದರೆ 404 ಎಂದು ಒಂದು ಇಂಗ್ಲಿಷ್ ಸಾಲು ತಾನಾಗಿಯೇ ಬರುತ್ತದೆ. ಒಳಗೆ ಏನಾದರೂ ಕೆಟ್ಟಿದ್ದರೆ 500. ಮೊದಲನೆಯದರ ಅರ್ಥ, ಅಂಥ ಪುಟವೇ ಇಲ್ಲ. ಎರಡನೆಯದು, ತಪ್ಪು ನಮ್ಮದು, ಸ್ವಲ್ಪ ತಡೆದು ನೋಡಿ. ಆ ಎರಡು ಹೆಸರಿನ ಪುಟಗಳನ್ನು ನಾವೇ ಬರೆದು ಅದರ ಫೋಲ್ಡರಿನಲ್ಲಿಟ್ಟರೆ ಇಂಗ್ಲಿಷಿನ ಬದಲು ನಮ್ಮ ಮಾತು ಕಾಣಿಸುತ್ತದೆ. ಹಳ್ಳಿಯಿಂದ ಬಂದವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಎಷ್ಟಾದರೂ ಅವ್ವನ ಮಗಳು. ಎರಡರಲ್ಲೂ ಒಂದೇ ಸಾಲು ಬರೆದೆ: "ಬರತೈತಿ, ಸ್ವಲ್ಪ ಕುಂದ್ರಿ." ನೋಡಿದವರೆಲ್ಲ ನಕ್ಕು "ಚಲೋ ಐತಿ" ಎಂದರು. ನಾನೂ ಬೀಗಿದೆ.

ಹೋದ ಸೋಮವಾರ ಮುಚ್ಚಂಡಿಯಿಂದ ಸೋಮನಿಂಗಪ್ಪ ಎಂಬವರು ಯಾದಿಯಲ್ಲಿ ಮಗಳ ಹೆಸರು ನೋಡಲು ನಮ್ಮ ಕೇಂದ್ರಕ್ಕೆ ಬಂದರು. ಅವರ ಕೈಯಲ್ಲಿದ್ದ ಚೀಟಿಯ ವಿಳಾಸ ಹಳೆಯದು; ಯಾದಿಯನ್ನು ನಾನು ಬೇರೆ ಪುಟಕ್ಕೆ ಹಾಕಿದ್ದೆ. ಪರದೆಯ ಮೇಲೆ ನನ್ನ ಸಾಲು ಬಂತು. ಅವರು ಕುಳಿತರು. ನಾನು ಕೆಲಸದ ಮೇಲೆ ಡಫಳಾಪುರಕ್ಕೆ ಹೋಗಿದ್ದೆ. ಐದಕ್ಕೆ ತಿರುಗಿ ಬಂದಾಗಲೂ ಅದೇ ಕುರ್ಚಿಯಲ್ಲಿದ್ದರು. ಹನ್ನೊಂದರಿಂದ ಊಟಕ್ಕೂ ಎದ್ದಿಲ್ಲವಂತೆ. ಕೇಂದ್ರದವರು ಕೇಳಿದರೆ ಬೆರಳು ಮಾಡಿ ಪರದೆ ತೋರಿಸಿದರಂತೆ; ಅದನ್ನೋದಿ ಅವರೂ ನಂಬಿದರಂತೆ. ಸರಿಯಾದ ಪುಟ ತೆಗೆದೆ. ಮಗಳ ಹೆಸರಿತ್ತು. ಅಂದೇ ನಾಲ್ಕರೊಳಗೆ ಫೋನ್ ಮಾಡಿ ಒಪ್ಪಿಗೆ ತಿಳಿಸಬೇಕೆಂದೂ ಇತ್ತು. ಫೋನ್ ಮಾಡಿದೆ, ಗೋಗರೆದೆ. ಸೀಟು ಮುಂದಿನ ಹುಡುಗಿಗೆ ಹೋಗಿಬಿಟ್ಟಿತ್ತು. ಆ ಮನುಷ್ಯ ಬೈದಿದ್ದರೆ ಚೆನ್ನಾಗಿತ್ತು. "ನೀವಽ ಕುಂದ್ರಿ ಅಂದಿದ್ರಲ್ರಿ ಅಕ್ಕಾರ, ಅದಕ್ಕ ಕುಂತೆ" ಎಂದು ಟೋಪಿ ಸರಿಮಾಡಿಕೊಂಡು ಬಸ್ಸಿಗೆ ಹೋದರು. ಅವರ ಮಗಳ ಓದು ಈ ವರ್ಷಕ್ಕೆ ನಿಂತ ಹಾಗೆಯೇ. ಅದಕ್ಕೆ ನಾನೇ ಕಾರಣ ಅಪ್ಪಾ, ಅನ್ನ ಸೇರುತ್ತಿಲ್ಲ.

ಮರುದಿನ 404 ತಿದ್ದಿದೆ. "ಈ ಪುಟ ಇಲ್ಲ. ಕಾಯಬೇಡಿ. ಯಾದಿ ಇಲ್ಲಿದೆ" ಎಂದು ಬರೆದು ಕೆಳಗೆ ಹೊಸ ಪುಟದ ದಾರಿ ಕೊಟ್ಟೆ. ಇಲ್ಲ ಎಂಬ ಎರಡಕ್ಷರ ಒತ್ತಲು ಅರ್ಧ ತಾಸು ಹಿಡಿಯಿತು.

ಮೊಣಕಾಲು ಜೋಪಾನ. ಅಲ್ಲಿಯ ಮಗುವಿಗೆ ನನ್ನ ಮುದ್ದು. ಹೆಸರು ಗೊತ್ತಿಲ್ಲ, ಅಕ್ಕ ಕೇಳಿದಳೆಂದು ಹೇಳಿ.

ನಿಮ್ಮ ಮಗಳು,
ಅನುರಾಧಾ

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಹೇಳಬೇಕಾದದ್ದು ಉಳಿದೇಹೋಯಿತು. ನಾಲ್ಕು ವರ್ಷದ ಹಿಂದೆ ನೀವು ಅವ್ವನಿಗೆ ಕಾರ್ಡು ಹಾಕಿದ್ದಿರಿ, ಇನ್ನು ಬರುವುದಿಲ್ಲ, ದಾರಿ ನೋಡಬೇಡ ಎಂದು. ಅವಳಿಗೆ ಓದಲು ಬಾರದು. "ಬರ್ತಾರಂತ ಅವ್ವಾ" ಎಂದು ಓದಿ ಹೇಳಿದವಳು ನಾನು. ಇವತ್ತು ಮುಂಜಾನೆ ಅದೇ ಕಾರ್ಡು ತೆಗೆದು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಅವಳು ಅಳಲಿಲ್ಲ. "ನಾಕ ವರ್ಷ ನನ್ನ ಕುಂದರಿಸಿದಾಕಿ ನೀನಽ ಹಂಗಾರ" ಎಂದಳು. ನೀವು ಇನ್ನು ಏನೇ ಬರೆಯುವುದಿದ್ದರೂ ಪಕ್ಕದ ಮನೆಯ ಚಂದ್ರಾಬಾಯಿಯ ಹೆಸರಿಗೆ ಬರೆಯಬೇಕಂತೆ. ನನ್ನ ಕೈಲಿ ಓದಿಸುವುದಿಲ್ಲವಂತೆ.