ಅಮ್ಮನ ಪಿಕಪ್ಪಿಗೆ ಪವರ್ ಸ್ಟೇರಿಂಗು

ಮಂಗಳವಾರ, ಮಾರ್ಚ್ ೩. ಬೆಳಗ್ಗೆ

ಮತ್ತೆ ಅದೇ. ಆಸ್ಪತ್ರೆಯ ಬೆಡ್‌ಶೀಟಿನ ಮೂಟೆ ಹೇರಿದ್ದಾಯಿತು, ಹಗ್ಗ ಬಿಗಿದದ್ದಾಯಿತು. ನಮ್ಮ ಲಾಂಡ್ರಿಯ ಗೇಟಿನಿಂದ ಓಣಿಗೆ ತಿರುಗಬೇಕು — ಅಲ್ಲೇ ಅಮ್ಮನ ಯುದ್ಧ. ಸ್ಟೇರಿಂಗಿಗೆ ಎರಡೂ ಕೈ ಹಾಕಿ, ಸೀಟಿನಿಂದ ಅರ್ಧ ಎದ್ದು, ಮೊಂಡು ದನವನ್ನು ಎಳೆದ ಹಾಗೆ ಎಳೆಯುತ್ತಾಳೆ. ಬಲಭುಜ ಕಟಕ್ ಎಂದದ್ದು ಪಕ್ಕದ ಸೀಟಿನಲ್ಲಿದ್ದ ನನಗೇ ಕೇಳಿಸಿತು.

"ಗಾಡಿ ಸದ್ದು ಕಣೇ," ಅಂದಳು.

ಸುಳ್ಳಿ. ತಲೆ ಬಾಚುವುದೂ ಈಗ ಎಡಗೈಯಲ್ಲೇ.

ತಾತ ಕೊಂಡ ಪಿಕಪ್ಪು. ಅಮ್ಮನಿಗಿಂತ ಹಿರಿಯದು. ದಾರಿಹೋಕರು ನಿಂತು ಫೋಟೋ ತೆಗೆಯುತ್ತಾರೆ — ಎಂಥ ದುಂಡು ಲೈಟು, ಎಂಥ ಮೂಗು! ಒಳಗೆ ಕೂತವಳ ಭುಜದ ಫೋಟೋ ಯಾರೂ ತೆಗೆಯುವುದಿಲ್ಲ.

ನಮ್ಮ ಕಾರ್ಮಿಕ ಸಂಘದ ಕರಪತ್ರದಲ್ಲಿ ನಾನೇ ಅಡಿಗೆರೆ ಎಳೆದ ಸಾಲು: ಯಂತ್ರ ದುಡಿಯುವವರ ಮೈಗೆ ಒಗ್ಗಬೇಕು, ಮೈ ಯಂತ್ರಕ್ಕಲ್ಲ. ಅಡಿಗೆರೆ ಎಳೆದು ಸಾಕಾಗಿದೆ. ಪವರ್ ಸ್ಟೇರಿಂಗು ಹಾಕಿಯೇ ತೀರುವುದು.

ಗುರುವಾರ, ೫

ಮಾವ ಬಂದಿದ್ದ. ಅಮ್ಮನ ತಮ್ಮ. ಸ್ವಂತ ಗ್ಯಾರೇಜು. ಗಾಡಿಯಲ್ಲಿ ಅರ್ಧ ಪಾಲೂ ಅವನದೇ — ತಾತ ಹಾಗೆ ಹಂಚಿ ಹೋದ.

"ಪವರ್ ಸ್ಟೇರಿಂಗಾ? ಇದಕ್ಕಾ? ಮುತ್ತಜ್ಜಂಗೆ ಕಟ್ಟುಹಲ್ಲು ಕಟ್ಟಿಸಿ ಮದುವೆ ಗಂಡು ಅಂದ ಹಾಗಾಯ್ತು!"

"ಕಟ್ಟುಹಲ್ಲಿದ್ರೆ ಮುತ್ತಜ್ಜ ಊಟಾನಾದ್ರೂ ಮಾಡ್ತಾನೆ, ಮಾವ."

ಅವನ ಲೆಕ್ಕಾಚಾರ ಬೇರೆ. ಗಾಡಿ ಅವನ ಶೆಡ್ಡಿಗೆ. ಒಂದು ಸ್ಕ್ರೂ ಕೂಡ ಬದಲಿಸದೆ, ಉಜ್ಜಿ ಹೊಳಪಿಸಿ, ಹಳೇ ಗಾಡಿಗಳ ಪ್ರದರ್ಶನಕ್ಕೆ. ಲಾಂಡ್ರಿಗೆ ಒಂದು ಸಣ್ಣ ವ್ಯಾನು, ಅದಕ್ಕೊಬ್ಬ ಡ್ರೈವರು. "ಅಕ್ಕ ಇಸ್ತ್ರಿ ಮೇಜಿನ ಹತ್ರ ಆರಾಮಾಗಿರ್ಲಿ."

ಆರಾಮಂತೆ! ಆ ಹಬೆಯಲ್ಲಿ ಇವನು ಒಂದು ಗಂಟೆ ನಿಂತು ತೋರಿಸಲಿ. ಅಮ್ಮ ಈ ಕಾಂಪೌಂಡಿನಿಂದ ಹೊರಗೆ ಕಾಲಿಡುವುದೇ ಬೆಳಗಿನ ಆ ಒಂದು ಟ್ರಿಪ್ಪಿನಲ್ಲಿ. ಕಿಟಕಿಗೆ ಮೊಣಕೈ ಊರಿ ಹಾಡಿಕೊಳ್ಳುವುದೂ ಆಗ ಮಾತ್ರ. ಇವನಿಗೇನು ಗೊತ್ತು.

ಕಿರುಚಾಡಿದೆ. ಅವನೂ ಕಿರುಚಿದ. ಕೊನೆಗೆ:

"ಸರಿ ಕಣೇ, ಕ್ರಾಂತಿಕಾರಿ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ. ಅಕ್ಕ ಒಂದೇ ಕೈಲಿ ಸ್ಟೇರಿಂಗ್ ತಿರುಗಿಸಿ ಈ ಅಂಗಳ ಒಂದು ಸುತ್ತು ಹಾಕ್ಲಿ. ಗಾಡಿ ಪೂರ್ತಿ ಅವಳದು. ಆಗ್ಲಿಲ್ವಾ, ನನ್ನ ಶೆಡ್ಡಿಗೆ."

"ಒಪ್ಪಿದೀನಿ," ಅಂದೆ. ನಾನು.

ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. 

ಬುಧವಾರ, ೧೧

ಬರೆಯಲು ಕೈ ಖಾಲಿಯಿರಲಿಲ್ಲ. ಗಾಡಿ ಬಿಚ್ಚಿಟ್ಟಿದೆ, ಶೀಟಿನ ಮೂಟೆ ಬಾಡಿಗೆ ಆಟೋದಲ್ಲಿ ಹೋಗುತ್ತಿದೆ. ಉಗುರಲ್ಲೆಲ್ಲ ಗ್ರೀಸು.

ಜಜ್ಜಿಹೋದ ಜೀಪೊಂದರಿಂದ ಪವರ್ ಸ್ಟೇರಿಂಗಿನ ಬಾಕ್ಸು, ಅದಕ್ಕೆ ಎಣ್ಣೆ ಒತ್ತುವ ಪಂಪು ಎರಡನ್ನೂ ಗುಜರಿಯವನು ಬಿಚ್ಚಿಕೊಟ್ಟ. ಪಂಪು ಇಂಜಿನ್ನಿನ ಪಕ್ಕ ಕೂತಿದೆ, ಫ್ಯಾನಿನ ಪುಲ್ಲಿಯಿಂದಲೇ ಬೆಲ್ಟು. ಬಾಕ್ಸು ಮಾತ್ರ ಸತಾಯಿಸಿತು. ಎಲ್ಲಿ ಹಿಡಿದರೂ ಸೈಲೆನ್ಸರ್ ಪೈಪಿಗೆ ತಾಗುತ್ತದೆ. ಎರಡು ದಿನ ಕೆಳಗೆ ಮಲಗಿ ನೋಡಿದೆ. ಆಮೇಲೆ ಹೊಳೆಯಿತು — ಮಗುಚಿಬಿಡು! ಮೇಲಿನದು ಕೆಳಗೆ. ಮಗುಚಿ ಹಿಡಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಪ್ಲೇಟು ಇಟ್ಟು ವೆಲ್ಡಿಂಗೂ ಆಯಿತು.

ಗುಜರಿಯವನು ತಲೆ ಕೆರೆದುಕೊಂಡ. "ನಿಮ್ಮ ಮಾವನ್ನ ಒಂದ್ಮಾತು ಕೇಳ್ಬಾರ್ದಾ, ತಂಗೀ?"

ಕೇಳುವುದೆಂದರೆ ಕಾಲು ಹಿಡಿದ ಹಾಗೆ. ಡ್ರೈವಿಂಗ್ ಕಲಿಸುತ್ತೇನೆ ಎಂದು ಅವನು ಕರೆದಾಗಲೇ ಹೋಗಿರಲಿಲ್ಲ. ಈಗ ಕೇಳುತ್ತೇನೆಯೆ? ಸತ್ತರೂ ಇಲ್ಲ.

ಶುಕ್ರವಾರ, ೧೩. ಸಂಜೆ

ಆಯಿತು! ಆಯಿತು!

ಮುಂದಿನ ಎರಡೂ ಚಕ್ರ ಜಾಕಿನ ಮೇಲೆ. ನಾನು ಬಂಪರಿನ ಕಡೆಯಿಂದ ತಲೆ ತೂರಿಸಿ ಬೋರಲು. ಅಮ್ಮ ಸೀಟಿನಲ್ಲಿ. ಇಂಜಿನ್ ಹಿಡಿಯಿತು, ಪಂಪು ಗುಂಯ್ ಅಂದಿತು. "ತಿರುಗಿಸಮ್ಮಾ!" — ಚಕ್ರ ಬೆಣ್ಣೆಯಲ್ಲಿ ಹೊರಳಿದ ಹಾಗೆ ಹೊರಳಿತು. ಆ ಕಡೆ. ಈ ಕಡೆ.

"ಅಯ್ಯೋ, ಒಂದೇ ಬೆರಳು ಸಾಕಲ್ಲೇ!" ಅಮ್ಮನ ಧ್ವನಿ. ಆ ಧ್ವನಿ ಕೇಳಿ ಎಷ್ಟು ಕಾಲವಾಯಿತು. "ಸರಿಗಿದೆಯಾ ಕೆಳಗೆ?"

"ಸರಿಗಿದೆ!"

ಕಣ್ಣಿಗೆ ಎಣ್ಣೆ ಸಿಡಿಯಿತು ಎಂದು ಹೇಳಿ ಮುಖ ಒರೆಸಿಕೊಂಡೆ.

ಆಮೇಲೆ ಮಾವ ಹಾಜರು. ಟಾರ್ಚ್ ಬಿಟ್ಟು ಗಾಡಿಯಡಿ ಬಗ್ಗಿದ. ತುಂಬ ಹೊತ್ತು ನೋಡಿದ. ಮೀಸೆಯೊಳಗೇ ನಕ್ಕ. "ಭಾನುವಾರ ಸಿಗೋಣ," ಅಂದು ಹೊರಟ.

ಹೊಟ್ಟೆಯುರಿ. ಉರಿಯಲಿ.

ಭಾನುವಾರ, ೧೫

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ. ನಾಚಿಕೆಗಲ್ಲ. ಸಿಟ್ಟಿಗೆ.

ಅಂಗಳದ ನಡುವೆ ಮಾವ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು. ಬಲಗಡೆ ಬಟ್ಟೆ ಒಣಗಿಸುವ ಕಂಬಗಳ ಸಾಲು, ತುಂಬ ಬಿಳಿ ಶೀಟು. ಅಮ್ಮ ಗಾಡಿ ಎತ್ತಿದಳು. ಎಡಗೈ ಮಾತ್ರ ಸ್ಟೇರಿಂಗ್ ಮೇಲೆ. ಕುರ್ಚಿ ಸುತ್ತಲು ಎಡಕ್ಕೆ ತಿರುಗಿಸಿದಳು.

ಗಾಡಿ ಬಲಕ್ಕೆ ಹೋಯಿತು.

ಬೆದರಿ ಇನ್ನೂ ಎಡಕ್ಕೆ ತಿರುಗಿಸಿದಳು. ಅದು ಇನ್ನೂ ಬಲಕ್ಕೆ. ಎರಡು ಕಂಬ ನೆಲಕ್ಕೆ. ದುಂಡು ಮೂಗಿನ ಮೇಲೆಲ್ಲ ಒದ್ದೆ ಶೀಟು.

ಮಾವ ಕುರ್ಚಿಯಿಂದ ಬೀಳುವ ಹಾಗೆ ನಕ್ಕ. "ಎಡಕ್ಕೆ ಹೊರಟ ಕ್ರಾಂತಿ ಬಲಕ್ಕೆ ಬಂತಲ್ಲೇ! ಬಾಕ್ಸ್ ಮಗುಚಿದ್ರೆ ಎಡ ಬಲ ಅದಲು ಬದಲು ಆಗಲ್ವಾ? ಶುಕ್ರವಾರಾನೇ ಕಂಡಿತ್ತು ನಂಗೆ."

ಶುಕ್ರವಾರ. ಎದುರುಮುಖವಾಗಿ ಮಲಗಿದ್ದೆ ನಾನು. ನನ್ನ ಎಡ ಅಮ್ಮನ ಬಲ. ಚಕ್ರ ಹೊರಳಿದ್ದು ನೋಡಿ ಕುಣಿದೆ, ಯಾವ ಕಡೆ ಎಂದು ನೋಡಲೇ ಇಲ್ಲ. ಸೀಟಿನಿಂದ ಅವಳಿಗೆ ಚಕ್ರ ಕಾಣುವುದಿಲ್ಲ.

"ಕಂಡಿತ್ತಾ? ಮತ್ತೆ ಬಾಯಲ್ಲಿ ಏನಿತ್ತು?"

"ಕೇಳಿದ್ರೆ ಹೇಳ್ತಿದ್ದೆ."

ಅಮ್ಮನನ್ನು ಆ ಗಾಡಿಗೆ ಹತ್ತಲು ಬಿಟ್ಟ. ನೋಡುತ್ತ ಕೂತ. ಗೋಡೆಗೆ ಗುದ್ದಿದ್ದರೆ? ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಏನು ಮಾಡುತ್ತಿದ್ದೆನೋ...

ಅಷ್ಟರಲ್ಲಿ ಗಾಡಿ ಅಲುಗಿತು. ಅಮ್ಮ ಇಳಿದೇ ಇರಲಿಲ್ಲ. ವೈಪರ್ ಹಾಕಿ ಗಾಜಿನ ಮೇಲಿನ ಶೀಟು ಸರಿಸಿ, ರಿವರ್ಸ್ ತೆಗೆದುಕೊಂಡಳು. ಬಲಗೈ ಮಡಿಲಲ್ಲಿ. ನಾಲಗೆ ತುದಿ ಹಲ್ಲಿನ ನಡುವೆ. ಬಲಕ್ಕೆ ತಿರುಗಿಸಿದಳು — ಎಡಕ್ಕೆ ಬಂತು. ಮೆಲ್ಲಗೆ, ಕೂಸಿಗೆ ನಡಿಗೆ ಕಲಿಸುವ ಹಾಗೆ. ಅಂಗಳ ಒಂದು ಪೂರ್ತಿ ಸುತ್ತು. ಬಂಪರು ಮಾವನ ಮೊಣಕಾಲಿಗೆ ತಾಗಿ ನಿಂತಿತು. ಅವನ ನಗು ಎಲ್ಲಿ ಹೋಯಿತೋ.

"ಒಂದು ಕೈ ಅಂದಿದ್ದೆ ನೀನು, ತಮ್ಮಾ. ಯಾವ ಕಡೆಗೆ ತಿರುಗಿಸ್ಬೇಕು ಅಂತ ಹೇಳಿರ್ಲಿಲ್ಲ." ಧ್ವನಿ ಏರಲಿಲ್ಲ. "ಎಡ ಅಂದ್ರೆ ಬಲಕ್ಕೆ ಹೋಗೋರನ್ನ ಸಾಕಿ ಸಾಕಿ ಅಭ್ಯಾಸ ಆಗಿದೆ ನಂಗೆ."

ಗೆದ್ದೆವು! ನಾನು ಕೇಕೆ ಹಾಕಿದೆ.

ಆಗ ನನ್ನ ಕಡೆ ತಿರುಗಿದಳು. ಅಂಥ ಮುಖ ನಾನು ನೋಡಿರಲಿಲ್ಲ.

"ನೀನು ಕೇಳ್ಲಿಲ್ಲ. ಅವನು ಹೇಳ್ಲಿಲ್ಲ. ಹತ್ತಿದವಳು ನಾನು."

ಸೋಮವಾರ, ೧೬

ಸ್ಟೇರಿಂಗು ಸರಿಯಾಗುವ ತನಕ ಗಾಡಿ ರಸ್ತೆಗಿಳಿಯುವುದಿಲ್ಲ. ಶೀಟು ಕಾಯುವುದಿಲ್ಲ, ಆಟೋ ಬಾಡಿಗೆಗೆ ಇನ್ನು ದುಡ್ಡಿಲ್ಲ. ಅಮ್ಮನ ತೀರ್ಪು: "ನೀವಿಬ್ರೇ ಎತ್ತುಗಳು." ತಳ್ಳುಗಾಡಿ ಆಸ್ಪತ್ರೆಯವರೆಗೆ. ಮಾವ ಎಳೆದ, ನಾನು ತಳ್ಳಿದೆ.  ಏರಿನಲ್ಲಿ ಅವನು ಏದುಸಿರು ಬಿಡುವಾಗ ಬೇಕೆಂದೇ ತಳ್ಳುವುದನ್ನು ನಿಲ್ಲಿಸಿದೆ. ಇಳಿಜಾರಿನಲ್ಲಿ ಅವನು ಬೇಕೆಂದೇ ಓಡಿದ.

ಅವನನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ಈಗ ಗಾಡಿಯಡಿ ಮಲಗಿದ್ದಾನೆ. ಪಾದ ಮಾತ್ರ ಕಾಣುತ್ತಿವೆ. ನನ್ನ ವೆಲ್ಡಿಂಗ್ ಕತ್ತರಿಸಿ, ಸೈಲೆನ್ಸರ್ ಪೈಪು ಬಗ್ಗಿಸಿ, ಬಾಕ್ಸನ್ನು ನೆಟ್ಟಗೆ ಕೂರಿಸಿದ್ದಾನೆ. ಪೈಪನ್ನೇ ಬಗ್ಗಿಸಬಹುದಿತ್ತು! "ಪ್ಲೇಟು ಗಟ್ಟಿಯಾಗೇ ಇಟ್ಟಿದಾಳೆ, ಕತ್ತೆ," ಎಂದು ಕೆಳಗೇ ಗೊಣಗಿದ. ಕೇಳಿಸಿಕೊಳ್ಳದ ಹಾಗೆ ನಿಂತೆ.

"ಹೇಳೋದಿದ್ರೆ ಹೇಳು, ಕೇಳೋದಿದ್ರೆ ಕೇಳು," ಎಂದು ಅಮ್ಮ ಬಾಗಿಲಲ್ಲಿ ಪೊಲೀಸರ ಹಾಗೆ. ಯಾವ ಕರಪತ್ರದಲ್ಲೂ ಇದರ ಬಗ್ಗೆ ಒಂದಕ್ಷರವಿಲ್ಲ. ಸೀಟು ತೋರಿಸುತ್ತಿದ್ದಾಳೆ. ನಾನು ಹತ್ತಬೇಕಂತೆ. ನಾನೇ ತಿರುಗಿಸಬೇಕಂತೆ. ಬಾಯಿ ಬಿಟ್ಟು ಕೇಳಲೂ ಬೇಕಂತೆ — ಮಾವ, ಚಕ್ರ ಯಾವ ಕಡೆ—