ತಟ್ಟೆಯಲ್ಲಿ ಉಳಿದ ಉಂಡಾಡಿಗಳು

ಫೆಬ್ರವರಿ 31, 2214
ಹೊಸ ಹಿರಿಯೂರು

ಇನ್ನೂರು ವರ್ಷ ಹಿಂದಿನ ಪ್ರಯೋಗಾಲಯದ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯನ್ನು ನೀವು ಅರೆಬರೆ ಬಿಟ್ಟುಹೋಗಿದ್ದಿರಿ, ನಾವು ತುಂಬಿಕೊಂಡೆವು. ಅರೆಬರೆ ಬಿಟ್ಟದ್ದು ಅದೊಂದೇ ಆಗಿದ್ದರೆ ಈ ಪತ್ರ ಬರೆಯುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಧಾಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ವಾರಗಳಿಂದ ಸರಿಯಾಗಿ ಮಲಗಿಲ್ಲ.

ನನ್ನ ಮಗಳು ನಿಹಾರಿ ಬೆನ್ನಹುರಿಯಲ್ಲಿ ಗಾಯ ಹೊತ್ತೇ ಹುಟ್ಟಿದಳು. ಕಾಲು ಆಡುವುದಿಲ್ಲ. ಏನು ಬೇಕಾದರೂ ಆಗಬಲ್ಲ ಭ್ರೂಣದ ಕಾಂಡಕೋಶವನ್ನು ನರದ ಕಡೆಗೆ ತಿರುಗಿಸುವುದನ್ನು ಕಂಡುಹಿಡಿದವರು ನೀವೇ, ಒಪ್ಪಿದೆ. ಇನ್ನೂ ನರವಾಗದ, ಆದರೆ ನರವಾಗುವ ದಾರಿ ಹಿಡಿದ ಕೋಶಕ್ಕೆ ನಾವು ದಾರಿಗೂಸು ಅನ್ನುತ್ತೇವೆ. ಯಾವ ದಾರಿಯನ್ನೂ ಹಿಡಿಯದೆ, ತಿನ್ನುತ್ತಾ ಹೆಚ್ಚುತ್ತಾ ಬಿದ್ದಿರುವುದಕ್ಕೆ ಉಂಡಾಡಿ. ಈ ಎರಡನೆಯದಕ್ಕೆ ನೀವು ಹೆಸರಿಡುವ ಗೋಜಿಗೇ ಹೋಗಲಿಲ್ಲ. ಬಹುಪಾಲು ಕೋಶಗಳು ನರದ ದಾರಿ ಹಿಡಿದವು ಎಂದು ಬರೆದು, ಚಪ್ಪಾಳೆ ತಟ್ಟಿ, ಟೀ ಕುಡಿಯಲು ಎದ್ದುಹೋದಿರಿ.

ಆ ಬಹುಪಾಲನ್ನೇ ನಂಬಿ ಇಂಥದೇ ಗಾಯವಿದ್ದ ನನ್ನ ಅಕ್ಕನ ಮಗ ತ್ರಿಗುಣನ ಬೆನ್ನಿಗೆ, ಕೋಶ ಬೆಳೆಸುವ ತಟ್ಟೆಯಲ್ಲಿದ್ದುದನ್ನೆಲ್ಲ ಹಾಕಿದರು. ಹುಡುಗ ಎದ್ದು ನಿಂತ, ನಡೆದ, ಪಕ್ಕದ ಮನೆಯ ಕಿಟಕಿಗೆ ಕಲ್ಲೂ ಹೊಡೆದ. ಅಕ್ಕ ಬೀದಿಗೆಲ್ಲ ಸಿಹಿ ಹಂಚಿದಳು. ಜೊತೆಗೆ ಹೋಗಿದ್ದ ನಾಲ್ಕಾರು ಉಂಡಾಡಿಗಳು ಅಲ್ಲೇ ಬೆಳೆದು ಗಡ್ಡೆಯಾದವು. ಎಂಟನೇ ಹುಟ್ಟುಹಬ್ಬ ಅವನಿಗೆ ಬರಲಿಲ್ಲ.

ಅದಕ್ಕೇ ಈಗ ನಮ್ಮಲ್ಲಿ ಆರಿಸುವ ಪದ್ಧತಿ. ಮಗುವಿಗೆ ಹಾಕುವ ಮೊದಲು ಮನೆಯವರು ಮೊರದ ಮುಂದೆ ಕೂತು ತಟ್ಟೆಯನ್ನು ನೋಡಿ ಉಂಡಾಡಿಗಳನ್ನು ಹೆಕ್ಕಿ ತೆಗೆಯಬೇಕು. ಮೊರ ಎಂದರೆ ಕೋಶಗಳನ್ನು ಅಕ್ಕಿಕಾಳಿನಷ್ಟು ದೊಡ್ಡದಾಗಿ ತೋರಿಸುವ ಬೆಳಕಿನ ಮೇಜು. ದಾರಿಗೂಸು ಹಸಿರಾಗಿ ಹೊಳೆಯುತ್ತದೆ, ಉಂಡಾಡಿ ಮಂಕಾಗಿರುತ್ತದೆ. ಮೊದಲು ಯಂತ್ರವೂ ನೋಡಿರುತ್ತದೆ, ಆದರೆ ಯಂತ್ರಕ್ಕೆ ಮಗುವಿಲ್ಲವಲ್ಲ. ನಮ್ಮತ್ತೆ ಗಿರಿಜವ್ವ ಪಕ್ಕದಲ್ಲೇ ಕೂತು, ಮೊರ ಬಿಟ್ಟು ಮಗೂನೇ ನೋಡ್ತಿದೀಯಲ್ಲೇ, ಹಿಂಗಾದರೆ ಅವಳ ಮದುವೆವರೆಗೂ ಆರಿಸ್ತಿರ್ತೀಯ ಎಂದು ಹಂಗಿಸುತ್ತಾರೆ. ನನ್ನ ಕಣ್ಣು ಸೋತಾಗ ಸದ್ದಿಲ್ಲದೆ ತಾವೇ ನೋಡುತ್ತಾರೆ.

ಇವತ್ತು ಬೆಳಗ್ಗೆ ಡಾಕ್ಟರು ಕೈ ತೊಳೆದುಕೊಂಡು ನಿಂತಿದ್ದಾಗ ಅಂಚಿನಲ್ಲಿ ಒಂದು ಮಂಕು ಚುಕ್ಕೆ ಕಂಡಿತು. ತೆಗೆದೆ. ಪಕ್ಕದಲ್ಲೇ ಇನ್ನೊಂದಿತ್ತು, ಆಗಲೇ ಎರಡಾಗುತ್ತಿತ್ತು. ಬಹುಪಾಲು ಸರಿಯಿದೆಯಲ್ಲಮ್ಮ ಎಂದರು ಡಾಕ್ಟರು. ನಿಮ್ಮದೇ ಮಾತು! ಇಷ್ಟು ವರ್ಷವಾದರೂ ಸತ್ತಿಲ್ಲ. ನಾನು ತಟ್ಟೆಯನ್ನೇ ಚೆಲ್ಲಿಬಿಟ್ಟೆ.

ಹೊಸ ತಟ್ಟೆಗೆ ಇನ್ನೊಂದು ತಿಂಗಳು ಬೇಕು. ಅಷ್ಟರೊಳಗೆ ಗಾಯ ಗಟ್ಟಿಯಾದರೆ ನಿಹಾರಿ ನಡೆಯುವುದಿಲ್ಲ. ಬದುಕಿರುತ್ತಾಳೆ. ನಡಿಗೆಯೋ ಜೀವವೋ ಎಂದು ಆರಿಸುವ ಸಂಕಟ ನಿಮಗೆ ಬರಲಿಲ್ಲ, ಅದನ್ನು ನನ್ನ ಮಡಿಲಿಗೆ ಹಾಕಿ ಹೋದಿರಿ. ಚೆಲ್ಲಿದ ಮೇಲೆ ಅತ್ತೆ ಹಂಗಿಸಲಿಲ್ಲ. ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದು ತಿಕ್ಕುತ್ತಾ ಕೂತಿದ್ದಾರೆ.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ನಿಮಗೆ ಅಷ್ಟು ಹೊತ್ತು ತಟ್ಟೆ ನೋಡುವ ತಾಳ್ಮೆ ಇಲ್ಲ, ಗೊತ್ತು. ಚಪ್ಪಾಳೆಗೆ ಮೊದಲು ನಿಮ್ಮ ಬೀದಿಯಲ್ಲಿ ನಿದ್ದೆಗೆಟ್ಟ ತಾಯಿಯೊಬ್ಬಳನ್ನು ಹುಡುಕಿ ಕರೆತನ್ನಿ. ಒಂದು ಲೋಟ ಕಾಫಿ ಕೊಟ್ಟು, ತಟ್ಟೆಯ ಮುಂದೆ ಕೂರಿಸಿ, ನೀವು ಪಕ್ಕಕ್ಕೆ ಸರಿಯಿರಿ.

ನಿಹಾರಿಯ ಅಮ್ಮ,
ಸುಧನ್ಯಾ