ಹೈಡ್ರೋಜನ್ ಉಂಗುರದ ಮಾತು

ಜಯಮಾಲಾ,

ಇವತ್ತು ಸಿಂದಗಿಯ ನಮ್ಮ ಕಾಲೇಜಿನಲ್ಲಿ ಉಪನ್ಯಾಸ ಕೊಟ್ಟು ಬಂದೆ. ಪುಣೆಯಲ್ಲಿ ನಾನು ರೇಡಿಯೊ ದೂರದರ್ಶಕದಿಂದ ಹುಡುಕುವ, ಗ್ಯಾಲಕ್ಸಿಗಳ ಸುತ್ತ ಹಬ್ಬಿರುವ ಹೈಡ್ರೋಜನ್ ಉಂಗುರಗಳ ಬಗ್ಗೆ. ಕಣ್ಣಿಗೆ ಕಾಣದ ಅನಿಲ ಅದು. ಒಂದು ಗ್ಯಾಲಕ್ಸಿಯ ನಡುವೆ ಇನ್ನೊಂದು ತೂರಿಕೊಂಡು ಹೋದರೆ ಅನಿಲ ಹೊರಕ್ಕೆ ಹರಡಿ ಉಂಗುರವಾಗಬಹುದು. ಪಕ್ಕದಲ್ಲಿ ಹಾದುಹೋದ ಗ್ಯಾಲಕ್ಸಿಯಿಂದ ಕಿತ್ತುಬಂದ ಅನಿಲವೂ ಹೀಗೆ ಸುತ್ತಿಕೊಳ್ಳಬಹುದು ಎಂದು ವಿವರಿಸಿದೆ.

ಮುಂದಿನ ಸಾಲಿನಲ್ಲಿ ನಿನ್ನ ಅವ್ವ ಶಂಕ್ರೆವ್ವ ಕೂತಿದ್ದರು. ನಾನು ಬರುವ ಸುದ್ದಿ ಕೇಳಿ ಕನ್ನೊಳ್ಳಿಯಿಂದ ಬಂದಿದ್ದರು. ನೀನು ತೀರಿಕೊಂಡ ಮೇಲೆ ನಾನು ಅವರ ಮುಖ ನೋಡಿದ್ದು ಇದೇ ಮೊದಲು.

ಎಲ್ಲರೂ ಹೋದ ಮೇಲೆ ಅವರು ಕೇಳಿದರು, "ನಾಜಿಮಾ, ಹಂಗ ಹಾದು ಹೋದದ್ದು ಹೊಳ್ಳಿ ಬರ್ತೈತೇನವಾ?"

"ಕೆಲವು ಹೊಳ್ಳಿ ಬಂದು ಕೂಡ್ತಾವ್ರಿ ಅವ್ವಾ. ಕೆಲವು ದೂರ ಹೋಗಿಬಿಡ್ತಾವು."

ಅವರು ತಲೆಯಾಡಿಸಿದರು. "ನಮ್ಮ ಜಯಾ ನಿಮ್ಮಪ್ಪನ ಮುಂದ ಹಟ ಹಿಡದು ಕುಂತಿದ್ಲು. ಕಾಕಾ, ನಾಜಿಮಾನ್ನ ಕಾಲೇಜಿಗೆ ಕಳಸ್ರಿ, ದಿನಾ ನಾ ಜೋಡಿ ಹೋಗ್ತೇನಿ ಅಂತ. ನೆನಪೈತಿ?"

ನೆನಪಿದೆ ಜಯಾ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ನಿನ್ನ ಮಾತಿಗೆ ಅಬ್ಬಾ ಒಪ್ಪದೇ ಇದ್ದಿದ್ದರೆ ಈ ಓದು, ಈ ಆಕಾಶ ನನಗೆ ಸಿಗುತ್ತಿರಲಿಲ್ಲ. ನಿನಗೆ ಹೇಳಬೇಕಾದ ಈ ಮಾತನ್ನು ಇವತ್ತು ಅವ್ವನಿಗೆ ಹೇಳಿದೆ. ಅವರು ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು.

ಒಲೆಯ ಮುಂದೆ ಕೂತು ನಿನ್ನ ಬಗ್ಗೆಯೇ ಮಾತಾಡಿದೆವು, ನಕ್ಕೆವು ಕೂಡ. ನನ್ನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕುತ್ತ ಅವರು ಮೆಲ್ಲಗೆ ಅಂದರು, "ಮುಂದಿನ ಸಲ ಇಷ್ಟು ತಡಾ ಮಾಡಬ್ಯಾಡವಾ."

ನಿನ್ನ ನಾಜಿಮಾ